ಕಲಾವಿದನ ಪಗಾರ ಯಾವ ಲೆಕ್ಕದಾಗ ಬರೀತೀರಿ?

(ಮೊನ್ನೆ ಕಲಬುರಗಿಯಾಗ ನಮ್ಮ ಭಾಗದ ಕಲಾವಿದರು ಸೇರಿದ್ದಾಗ ನಾ ಮಾತಾಡಿದ್ದು ಇದು. ಬರಲಾರದವರು ಬರದು ಹಾಕ್ರಿ ಅಂದ್ರು, ಅದಕ್ಕ ಮಾತಾಡಿದಂಗೇ ಟೈಪ್ ಮಾಡೀನಿ. ಅಲ್ಲಿ ಹೇಳಲಿಕ್ಕೆ ಟೈಮ್ ಸಿಗಲಾರದ್ದು ಒಂದೆರಡು ಮಾತೂ ನಡುವ ಸೇರ್ಯಾವ.)

ಎಲ್ಲರಿಗೂ ಶರಣು ಶರಣಾರ್ಥಿ. ನಾ ಕಲತಿದ್ದು ಪೇಂಟಿಂಗು, ಹೊಟ್ಟಿಗಿ ಮಾಡೋದು ಫ್ರೇಮ್ ಅಂಗಡಿ ಮತ್ತ ಡಿಸೈನ್ ಕೆಲಸ, ಅದರ ಜೋಡಿ ಗೆಳೆಯರದ್ದು ಕೊಟೇಶನ್ನು, ಬಿಲ್ಲು, ರಿಟರ್ನು ನೋಡಿಕೊಡ್ತಾ ಕೊಡ್ತಾ ಈಗ ಅದೇ ಅರ್ಧ ಉದ್ಯೋಗ ಆಗಿಬಿಟ್ಟದ. ಹಂಗಾಗಿ ಇವತ್ತು ನಾ ಕಲಾ ಬಗ್ಗೆ ಏನೂ ಹೇಳಂಗಿಲ್ಲ, ಅದು ನಿಮಗ ನನಗಿಂತ ಛಲೋ ಗೊತ್ತದ. ರೊಕ್ಕದ ಬಗ್ಗೆ ಹೇಳ್ತೀನಿ. ಕೆಲವರಿಗಿ ಬ್ಯಾಸರ ಆಗಬಹುದು, ಆಗ್ಲಿ.

ನಮ್ಮ ಭಾಗದಾಗ ಕಲಾವಿದ ರೊಕ್ಕದ ಮಾತು ತೆಗದ್ರ ಸಾಕು, ಎದುರಿಗಿ ಕುಂತವ್ರು ಶರಣರ ಹೆಸರು ತರ್ತಾರ. ಬಸವಕಲ್ಯಾಣ ಇರೋದು ನಮ್ಮ ಬೀದರ ಜಿಲ್ಲಾದಾಗೇ, ಕಾಯಕ ದಾಸೋಹ ಅಂತ ಹುಟ್ಟಿದಾಗಿಂದ ಕೇಳ್ಕೋತ ಬಂದೀವಿ. ಆಯ್ದಕ್ಕಿ ಮಾರಯ್ಯ ಒಂದಿನ ಅಕ್ಕಿ ಹೆಚ್ಚಿಗಿ ಆರಿಸ್ಕೊಂಡು ಬಂದಾಗ ಲಕ್ಕಮ್ಮ ವಾಪಸ್ ಸುರುವಿ ಬರ್ರಿ ಅಂತ ಕಳಸಿದ್ಳು, ನೋಡು, ಶರಣರಿಗಿ ಆಸಿ ಇರಲಿಲ್ಲ, ನಿನಗ್ಯಾಕ ಇಷ್ಟು ರೇಟು, ಅಂತಾರ. ನಾ ಇದನ್ನ ಬ್ಯಾರೆ ಥರ ನೋಡ್ತೀನಿ. ಅಕ್ಕಿ ಹೆಚ್ಚಾಗೇದ ಅಂತ ಲಕ್ಕಮ್ಮಗ ಗೊತ್ತಾಗಿದ್ದಾದ್ರೂ ಹ್ಯಾಂಗ? ದಿನಕ್ಕ ಮನಿಗಿ ಎಷ್ಟು, ದಾಸೋಹಕ್ಕ ಎಷ್ಟು ಅನ್ನೋ ಲೆಕ್ಕ ಆಕಿ ಕಡಿ ಪಕ್ಕಾ ಇತ್ತು. ಇಲ್ಲಿ ಕುಂತವರಾಗ ಎಷ್ಟು ಮಂದಿಗಿ ತಿಂಗಳಿಗಿ ತಮ್ಮ ಮನಿಗಿ ಎಷ್ಟು ಬೇಕು ಅಂತ ಬಾಯಿಲೆ ಹೇಳಲಿಕ್ಕೆ ಬರ್ತದ, ಕೈ ಎತ್ರಿ ನೋಡೋಣ. (ನಾಕೈದು ಕೈ ಎದ್ದವು, ಅದರಾಗ ಮೂರು ಹೆಣ್ಣುಮಕ್ಕಳದ್ದು.)

ನಾ ಹೇಳಬೇಕಂತ ಬಂದಿದ್ದು ಒಂದೇ ಮಾತು. ಕಲಾವಿದ ಎಲ್ಲಾ ಖರ್ಚು ಹಿಡೀತಾನ, ತನ್ನ ಪಗಾರ ಒಂದು ಬಿಟ್ಟು. ಬಣ್ಣದ ರೊಕ್ಕ, ಬೆಳ್ಳಿ ರೊಕ್ಕ, ಟೆಂಪೋ ಬಾಡಿಗಿ, ತಬಲಾದವನ ಸಂಭಾವನಿ, ಎಲ್ಲಾ ಹಿಡದು ಕಡೀಗಿ ಉಳಿದದ್ದು ನಂದು ಅಂತಾನ. ಉಳೀದಿದ್ರ? ಉಳೀಲಿಲ್ಲ ಅಂದ್ರ ಆ ವಾರ ನೀವು ಪುಕ್ಕಟೆ ದುಡದೀರಿ ಅಂತ ಅರ್ಥ, ಮತ್ತ ಅದು ನಿಮಗೇ ಗೊತ್ತಾಗಿರಂಗಿಲ್ಲ.

ಬಿದ್ರಿ ಕೆಲಸದ್ದೇ ತಗೊಳ್ರಿ, ಬೀದರಿನಿಂದ ಬಂದ ಹುಡುಗ್ರು ಮುಂದೇ ಕುಂತಾರ, ತಪ್ಪಿದ್ರ ಅವರೇ ಹೇಳ್ತಾರ. ಜಸ್ತಕ್ಕ (ಸತುವಿಗಿ) ಸ್ವಲ್ಪ ತಾಮ್ರ ಕೂಡಿಸಿ ಮಣ್ಣಿನ ಅಚ್ಚಿನಾಗ ಎರಕ ಹೊಯ್ಯಬೇಕು, ಅರ ಹಾಕಿ ಉಜ್ಜಿ ನುಣ್ಣಗ ಮಾಡಬೇಕು, ಆಮ್ಯಾಲ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕ ಕಪ್ಪು ಮಾಡ್ತಾರ, ಗೆರಿ ಕಾಣಬೇಕಲ್ಲ. ಆ ಕಪ್ಪಿನ ಮ್ಯಾಲ ಕಂಪಾಸು ಇಲ್ಲ ಸ್ಕೆಚ್ಚು ಇಲ್ಲದ ಕೈಲೇ ಬಳ್ಳಿ ಹೂವ ಬರದು, ಉಳಿ ಹಚ್ಚಿ ಕೆತ್ತಿ, ಆ ಸಂದಿನಾಗ ಬೆಳ್ಳಿ ತಂತಿ ಕೂಡಿಸಿ ಸುತ್ತಿಗಿಲೆ ಬಡದು, ಮತ್ತ ಉಜ್ಜಿ, ಕಡೀಗಿ ಬೀದರ ಕಿಲ್ಲಾದ ಮಣ್ಣು ನವಸಾಗರ ಕೂಡಿಸಿದ ನೀರಿನಾಗ ಕಾಯಿಸ್ತಾರ, ಆವಾಗ ಲೋಹ ಪೂರಾ ಕಪ್ಪಗ ಆಗ್ತದ, ಬೆಳ್ಳಿ ಮಾತ್ರ ಬೆಳ್ಳಗ ಉಳೀತದ. ಅದಕ್ಕ ಎಣ್ಣಿ ಹಚ್ಚಿ ಒರಸಿ ಮುಗಸಬೇಕು. ಇಷ್ಟು ಕೆಲಸ. ಈ ಕಲಾಕ್ಕ ಜಿಐ ಟ್ಯಾಗ್ (ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು) ಬಂದು ಸುಮಾರು 20 ವರ್ಷ ಆಯ್ತು, ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗಿ 2023ರಾಗ ಪದ್ಮಶ್ರೀನೂ ಬಂತು, ನಮಗೆಲ್ಲ ಹೆಮ್ಮಿ. ಆದ್ರ ಸಣ್ಣ ಕಾರಿಗರನ ಹತ್ರ ಹೋಗಿ ಈ ತಟ್ಟಿಗಿ ಎಷ್ಟ್ ಬಿತ್ತು ಅಂತ ಕೇಳ್ರಿ, ಬೆಳ್ಳಿ ಇಷ್ಟು, ಜಸ್ತ ಇಷ್ಟು, ಮ್ಯಾಲ ಒಂದೀಟು ಅಂತಾನ. ಆ ಒಂದೀಟು ಅನ್ನೋದೇ ಅವನ ಆರು ದಿನದ ದುಡಿಮಿ!

ಒಂದು ಲೆಕ್ಕ ಹಾಕೋಣ, ಇದು ಅಂದಾಜಿಂದು, ನೀವು ನಿಮ್ಮ ನಂಬರ್ ಹಾಕ್ಕೊಳ್ರಿ. 20 ಗ್ರಾಂ ಬೆಳ್ಳಿ ಹೋಗ್ತದ ಅಂತ ಹಿಡೀರಿ, ಬೆಳ್ಳಿ ರೇಟು ದಿನಾ ಹಾರ್ತದ, ಲೆಕ್ಕಕ್ಕ ಸುಲಭ ಆಗ್ಲಿ ಅಂತ ಗ್ರಾಮಿಗಿ 150 ರೂಪಾಯಿ ಅನ್ನೋಣ, 3,000 ಆಯ್ತು. ಜಸ್ತ, ತಾಮ್ರ, ಇದ್ದಲಿ, ನವಸಾಗರ ಎಲ್ಲಾ ಕೂಡಿ 700. ಅಂಗಡಿ ಬಾಡಿಗಿ, ಕರೆಂಟು, ಉಳಿ ಸವೆಯೋದು, ಈ ಮಾಲಿನ ಪಾಲಿಗಿ 500. ಕೆಲಸ ಆರು ದಿನ, ದಿನಕ್ಕ 800ರಂಗ 4,800. ಒಟ್ಟು 9,000. ಎರಕದಾಗ ತೂತು ಬಿದ್ದು ಹಾಳಾಗೋ ಮಾಲೂ ಇರ್ತಾವ, ಅದಕ್ಕ 5 ಪರ್ಸೆಂಟ್ ಸೇರಸ್ರಿ, 9,450. ಇದು ಬರೇ ಅಸಲು. ಇದರ ಮ್ಯಾಲ ಧಂದಾಕ್ಕ ಅಂತ 20 ಪರ್ಸೆಂಟ್ ಲಾಭ, 1,890. 11,340 ರೂಪಾಯಿ ನಿಮ್ಮ ಕೈಗಿ ಬಂದ್ರ ಮಾತ್ರ ಆ ತಟ್ಟಿ ನಿಮ್ಮನ್ನ ಸಾಕ್ತದ. ಒಬ್ಬ ಹುಡುಗ ಕೇಳ್ದ, ಪಗಾರ 800 ತಗೊಂಡ ಮ್ಯಾಲ ಮತ್ತ ಲಾಭ ಯಾಕ್ರಿ ಅಂತ. ಭಾಳ ಛಲೋ ಪ್ರಶ್ನಿ. 800 ನೀ ಕೈಲೆ ದುಡದದ್ದಕ್ಕ, ಬ್ಯಾರೆಯವರ ಕಡಿ ಹೋಗಿ ದುಡದಿದ್ರೂ ಅದು ಬರ್ತಿತ್ತು. ಲಾಭ ಅನ್ನೋದು ನಿನ್ನ ರೊಕ್ಕ ಹಾಕಿ, ಮಾಲು ಹೋಗ್ತದೋ ಇಲ್ಲೋ ಅನ್ನೋ ಅಂಜಿಕಿ ನೀ ಹೊತ್ತದ್ದಕ್ಕ. ಮುಂದಿನ ವರ್ಷ ಹೊಸ ಮಷೀನ್ ತಗೋಬೇಕಂದ್ರ ಪಗಾರದಾಗ ತಗೊಳ್ಳಿಕ್ಕೆ ಆಗಂಗಿಲ್ಲ, ಈ ಲಾಭದಾಗೇ ತಗೋಬೇಕು.

ಇಲ್ಲಿ ಇನ್ನೊಂದು ಗುಂಡಿ ಅದ, ಅದರಾಗ ಭಾಳ ಮಂದಿ ಬೀಳ್ತಾರ. ಬೆಂಗಳೂರಿನ ಶೋರೂಮಿನವ್ರು ಮಾಲು ಇಟ್ಕೋತೀವಿ, 30 ಪರ್ಸೆಂಟ್ ಕಮಿಷನ್ ಅಂತಾರ. ನಮ್ಮವ್ರು ಏನ್ ಮಾಡ್ತಾರ ಅಂದ್ರ 11,340ಕ್ಕ 30 ಪರ್ಸೆಂಟ್ ಕೂಡಿಸಿ 14,742 ಅಂತ ಚೀಟಿ ಹಚ್ಚಿ ಕಳಸ್ತಾರ, ಲೆಕ್ಕ ಸರಿ ಆಯ್ತಂತ ತಿಳ್ಕೋತಾರ. ಸರಿ ಆಗಿಲ್ರಿ. ಅವ್ರು 30 ಪರ್ಸೆಂಟ್ ಹಿಡಿಯೋದು ಆ 14,742ರ ಮ್ಯಾಲ. ನಿಮ್ಮ ಕೈಗಿ ಬರೋದು 10,319. ಸಾವಿರ ರೂಪಾಯಿ ಹೋಯ್ತು, ಅಂದ್ರ ಲಾಭದಾಗ ಅರ್ಧಕ್ಕಿಂತ ಹೆಚ್ಚು ಹೋಯ್ತು. ಖರೇ ಲೆಕ್ಕ ಏನಂದ್ರ 11,340ನ್ನ 0.7ರಿಂದ ಭಾಗಿಸಬೇಕು, 16,200 ಬರ್ತದ, ಅದೇ ಚೀಟಿ ರೇಟು. ಮೊಬೈಲ್ ಕ್ಯಾಲ್ಕುಲೇಟರ್ ತೆಗದು ಈಗೇ ಮಾಡಿ ನೋಡ್ರಿ. (ಇಲ್ಲಿ ಎರಡು ನಿಮಿಷ ಗದ್ದಲ ಆಯ್ತು, ಹಿಂದಿನ ಸಾಲಿನಾಗ ಕುಂತ ಒಬ್ಬ ಅಣ್ಣಾರು ಹಳೇ ಮಾಲಿನ ಲೆಕ್ಕ ತೆಗದು ತಲಿ ಮ್ಯಾಲ ಕೈ ಇಟ್ಕೊಂಡ್ರು.) ಕಮಿಷನ್ ತಗೋಳೋದು ತಪ್ಪು ಅಂತ ನಾ ಹೇಳಂಗಿಲ್ಲ, ಬೆಂಗಳೂರಾಗ ಅಂಗಡಿ ಬಾಡಿಗಿ ನಿಮಗೂ ಗೊತ್ತದ, ಆದ್ರ ಅದನ್ನ ಗಿರಾಕಿ ಕೊಡಬೇಕು, ನಿಮ್ಮ ಆರು ದಿನದ ದುಡಿಮಿಯಿಂದ ಹೋಗಬಾರದು.

ಬೆಳ್ಳಿ ಉದ್ರಿ ಕೊಡೋ ಸಾವಕಾರನೇ ಮಾಲೂ ತಗೋಳೋದು, ಇದು ಇನ್ನೊಂದು ಕಥಿ. ಉದ್ರಿ ಕೊಟ್ಟವನ ಮುಂದ ರೇಟು ಮಾತಾಡ್ಲಿಕ್ಕೆ ಬಾಯಿ ಬರಂಗಿಲ್ಲ. ಇದಕ್ಕ ಔಷಧ ಒಂದೇ, ಆರ್ಡರ್ ಮಾಲಿಗಿ ಅಡ್ವಾನ್ಸ್. ಅರ್ಧ ರೊಕ್ಕ ಮೊದಲ ಕೊಡ್ರಿ ಅಂತ ಕೇಳ್ರಿ, ಕನಿಷ್ಠ ಬೆಳ್ಳಿ ರೊಕ್ಕ ಆದ್ರೂ. ಕೊಟೇಶನ್ನಿನಾಗ "ಈ ರೇಟು ಏಳು ದಿನ ಮಾತ್ರ, ಆಮ್ಯಾಲ ಬೆಳ್ಳಿ ದರದಂಗ ಬದಲಾಗ್ತದ" ಅಂತ ಒಂದು ಸಾಲು ಬರೀರಿ. ಬಂಗಾರದ ಅಂಗಡಿಯವ ಇವತ್ತಿನ ರೇಟು ಅಂತ ಬೋರ್ಡ್ ಹಚ್ತಾನ, ಅವನಿಗಿ ಯಾರೂ ಬೈಯಂಗಿಲ್ಲ, ನಿಮಗ್ಯಾಕ ಬೈತಾರ? ಜಿಐ ಬಗ್ಗೆನೂ ಒಂದು ಮಾತು. ಟ್ಯಾಗ್ ಊರಿಗಿ ಬಂತಂದ್ರ ನಿಮಗ ಬಂದಂಗಲ್ಲ, ನೀವು ಅಧಿಕೃತ ಬಳಕೆದಾರ ಅಂತ ನಿಮ್ಮ ಹೆಸರು ಬ್ಯಾರೆ ನೋಂದಣಿ ಮಾಡಿಸ್ಬೇಕು. 2020ರಾಗ ಆ ಅರ್ಜಿ ಫೀ 500ರಿಂದ 10 ರೂಪಾಯಿಗಿ ಇಳಿಸಿದ್ರು. ಹತ್ತೇ ರೂಪಾಯಿ, ಒಂದು ಚಾದ ರೊಕ್ಕ.

ಈಗ ಗೋಡಿ ಬರಿಯೋರ ಕಡಿ ಬರ್ತೀನಿ. ಫ್ಲೆಕ್ಸ್ ಬಂದ ಮ್ಯಾಲ ಬೋರ್ಡ್ ಬರಿಯೋರ ಕೆಲಸ ಹೋಯ್ತು, ಅದು ಎಲ್ಲರಿಗೂ ಗೊತ್ತು, ಅದರ ಬಗ್ಗೆ ಅತ್ತು ಕರದು ಏನೂ ಬರಂಗಿಲ್ಲ. ಆದ್ರ ಶಾಲಿ ಗೋಡಿ, ಅಂಗನವಾಡಿ, ಗುಡಿ, ಹೋಟೆಲ್ಲು, ಇವೆಲ್ಲ ಕೆಲಸ ಇನ್ನೂ ಅವ. ನನ್ನ ಗೆಳೆಯ ಒಬ್ಬ ಒಂದು ಆಫೀಸಿನ ಗೋಡಿ ಪೂರಾ ಬರದ, ಕೆಲಸ ಭಾಳ ಛಲೋ ಬಂತು, ಸಾಹೇಬ್ರು ನಿಂತು ಫೋಟೋ ತಗಸ್ಕೊಂಡ್ರು. ಬಿಲ್ ಮಾತ್ರ ಆಗವಲ್ದು. ಹೋಗಿ ಕೇಳಿದ್ರ ವರ್ಕ್ ಆರ್ಡರ್ ಎಲ್ಲಿ ಅಂದ್ರು. ವರ್ಕ್ ಆರ್ಡರ್ ಬಾಯಿಮಾತಿಂದು. ಅಷ್ಟೊತ್ತಿಗಿ ಆ ಸಾಹೇಬ್ರಿಗಿ ಟ್ರಾನ್ಸ್‌ಫರ್ ಆಗಿತ್ತು, ಹೊಸಬರು ನನಗ ಗೊತ್ತಿಲ್ಲಪ್ಪ ಅಂದ್ರು. ಇದು ನಿಮ್ಮಾಗ ಎಷ್ಟು ಮಂದಿಗಿ ಆಗೇದ ಅಂತ ಕೇಳಂಗಿಲ್ಲ, ಮುಖ ನೋಡಿದ್ರ ಗೊತ್ತಾಗ್ತದ.

ಬಾಯಿಮಾತು ಅಂದ್ರ ವಿಶ್ವಾಸ, ಕಾಗದ ಕೇಳಿದ್ರ ಅವಿಶ್ವಾಸ, ಅನ್ನೋ ಭಾವನಿ ನಮ್ಮಲ್ಲಿ ಅದ. ದೊಡ್ಡ ಅಗ್ರಿಮೆಂಟ್ ಬ್ಯಾಡ್ರಿ. ಮಾತಾಡಿ ಬಂದ ಮ್ಯಾಲ ಅವತ್ತೇ ರಾತ್ರಿ ಒಂದು ವಾಟ್ಸಾಪ್ ಮೆಸೇಜ್ ಹಾಕ್ರಿ: ಸರ್, ಇವತ್ತು ಮಾತಾಡಿದ ಪ್ರಕಾರ ಇಷ್ಟು ಚದರ ಅಡಿ, ಇಷ್ಟು ರೇಟು, ಬಣ್ಣ ನಮ್ಮದು, ಅಟ್ಟಣಿಗಿ ನಿಮ್ಮದು, ಅಡ್ವಾನ್ಸ್ ಇಷ್ಟು, ಕೆಲಸ ಮುಗದ ಇಷ್ಟು ದಿನದಾಗ ಬಾಕಿ, ಡಿಸೈನ್ ಎರಡು ಸಲ ಬದಲ ಮಾಡಿಕೊಡ್ತೀವಿ, ಮೂರನೇ ಸಲಕ್ಕ ಬ್ಯಾರೆ ಚಾರ್ಜು. ಅವ್ರು "ಓಕೆ" ಅಂತ ಹಾಕಿದ್ರ ಸಾಕು, ಏನೂ ಇಲ್ಲದಕ್ಕಿಂತ ಅದು ನೂರು ಪಾಲು ಮೇಲು. ಸರ್ಕಾರಿ ಕೆಲಸಕ್ಕ ಮಾತ್ರ ವರ್ಕ್ ಆರ್ಡರ್ ಕೈಗಿ ಬರೋತನಕ ಬ್ರಶ್ ಮುಟ್ಟಬ್ಯಾಡ್ರಿ.

ಜೊತಿಗಿ ಉದ್ಯಮ್ ನೋಂದಣಿ ಮಾಡಿಸ್ರಿ, ಅಂದ್ರ ಸಣ್ಣ ಉದ್ಯಮದವರು ಕೇಂದ್ರ ಸರ್ಕಾರದ ಸೈಟಿನಾಗ ಹೆಸರು ಹಚ್ಚೋದು. ಆಧಾರ್, ಪ್ಯಾನ್ ಇರಬೇಕು, ಫೀ ಇಲ್ಲ, ಪುಕ್ಕಟೆ. ಯಾಕ ಅಂದ್ರ 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ನೋಂದಣಿ ಆದ ಸಣ್ಣ ಉದ್ಯಮದವರಿಗಿ ಬಾಕಿ ಕೊಡೋದನ್ನ 45 ದಿನಕ್ಕಿಂತ ಮುಂದ ಹಾಕಂಗಿಲ್ಲ, ಹಾಕಿದ್ರ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ ಕೊಡಬೇಕಾಗ್ತದ, ಅದೂ ಚಕ್ರಬಡ್ಡಿ. ಕೊಡದಿದ್ರ ಇಂಥಾ ಬಾಕಿ ತಗಾದಿ ಬಗೆಹರಿಸೋ ಫೆಸಿಲಿಟೇಷನ್ ಕೌನ್ಸಿಲ್‌ಗಿ ಅರ್ಜಿ ಹಾಕಬಹುದು. ಕೆಲಸ ಕೊಡೋಕ್ ಮೊದಲ ನೋಂದಣಿ ಆಗಿರಬೇಕು, ಜಗಳ ಆದ ಮ್ಯಾಲ ಓಡಿದ್ರ ಆಗಂಗಿಲ್ಲ. ಎಲ್ಲರ ಮ್ಯಾಲೂ ಕೇಸ್ ಹಾಕ್ರಿ ಅಂತ ನಾ ಹೇಳಂಗಿಲ್ಲ, ಅದೇ ಊರಾಗ ನಾಳಿಗೂ ಕೆಲಸ ಬೇಕು ನಮಗ. ಆದ್ರ ಬಿಲ್ಲಿನ ಕೆಳಗ ಉದ್ಯಮ್ ನಂಬರ್ ಇದ್ರ ಅಕೌಂಟೆಂಟ್ ಆ ಬಿಲ್ಲನ್ನ ಮ್ಯಾಲ ಇಡ್ತಾನ, ಅಷ್ಟಂತೂ ನಾ ನೋಡೀನಿ.

ಹಾಡೋರು, ನಾಟಕದವ್ರು, ಡೊಳ್ಳಿನವ್ರು, ನಿಮ್ಮದು ಬ್ಯಾರೆ. ಜಾನಪದ ಇಲ್ಲ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ ಕಾರ್ಯಕ್ರಮಕ್ಕ ಕಲಾವಿದ ತಗೋಳೋ ಸಂಭಾವನಿ 1,50,000 ರೂಪಾಯಿ ಮೀರದಿದ್ರ ಅದಕ್ಕ ಜಿಎಸ್‌ಟಿ ಇಲ್ಲ. ಯಾರಾದ್ರೂ ಜಿಎಸ್‌ಟಿ ನಂಬರ್ ಇಲ್ಲದಿದ್ರ ಪ್ರೋಗ್ರಾಮ್ ಕೊಡಂಗಿಲ್ಲ ಅಂತ ಅಂಜಿಸಿದ್ರ ಈ ಮಾತು ಹೇಳ್ರಿ. ಟಿಡಿಎಸ್ ಅಂತ ರೊಕ್ಕ ಕೊಡುವಾಗಲೇ ಮುಂಗಡ ಟ್ಯಾಕ್ಸ್ ಹಿಡೀತಾರ, ಸಾಮಾನ್ಯವಾಗಿ ಪ್ರೊಫೆಷನಲ್ ಫೀ ಅಂತ 10 ಪರ್ಸೆಂಟ್, ಪ್ಯಾನ್ ಕೊಡದಿದ್ರ 20. ಭಾಳ ಮಂದಿ ಹೋದದ್ದು ಹೋಯ್ತು ಅಂತ ಬಿಟ್ಟುಬಿಡ್ತಾರ. ಅಯ್ಯೋ, ಅದು ನಿಮ್ಮ ರೊಕ್ಕಾರಿ! 2025-26ರಿಂದ ಹೊಸ ಪದ್ಧತಿಯಾಗ 12 ಲಕ್ಷದ ತನಕ ಆದಾಯ ಇದ್ದೋರಿಗಿ ಟ್ಯಾಕ್ಸೇ ಬೀಳಂಗಿಲ್ಲ, ರಿಟರ್ನ್ ಹಾಕಿದ್ರ ಹಿಡದದ್ದು ಪೂರಾ ವಾಪಸ್ ಬರ್ತದ. ಮ್ಯಾಲಾಗಿ ಮೂರು ವರ್ಷದ ರಿಟರ್ನ್ ಕಾಗದ ಕೈಯಾಗ ಇದ್ರ ಬ್ಯಾಂಕಿನವ ನಿಮ್ಮನ್ನ ಕೂಡಿಸಿ ಮಾತಾಡಿಸ್ತಾನ, ಇಲ್ಲಾಂದ್ರ ಕಲಾವಿದ ಅಂದ ತಕ್ಷಣ ನಾಳಿ ಬರ್ರಿ ಅಂತಾನ.

ಇನ್ನ ಹಕ್ಕಿನ ಮಾತು. ಇದು ನನಗ ಭಾಳ ಹತ್ರದ ವಿಷಯ, ಸ್ವಲ್ಪ ಉದ್ದ ಆಗ್ತದ. ನಮ್ಮ ಊರಿನ ಎಸ್.ಎಂ. ಪಂಡಿತರು, 1916ರಾಗ ಇಲ್ಲೇ ಹುಟ್ಟಿ ಮುಂಬೈಗಿ ಹೋಗಿ ಸಿನಿಮಾ ಪೋಸ್ಟರ್ ಬರದ್ರು, ದೇವರು ಪುರಾಣದ ಕ್ಯಾಲೆಂಡರ್ ಚಿತ್ರ ಬರದ್ರು, ದೇಶದ ತುಂಬ ಮನಿ ಮನಿ ಗೋಡಿ ಮ್ಯಾಲ ಅವರ ಕೈ ಇತ್ತು. ಈಗ ಅವರ ಹೆಸರಿನ ರಂಗಮಂದಿರದಾಗೇ ನಾವು ಕಾರ್ಯಕ್ರಮ ಮಾಡ್ತೀವಿ. ಕಮರ್ಷಿಯಲ್ ಕೆಲಸ ಅಂತ ಮೂಗು ಮುರಿಯೋ ನಮ್ಮ ಹುಡುಗ್ರಿಗಿ ನಾ ಮೊದಲ ಅವರದ್ದೇ ಉದಾಹರಣಿ ಕೊಡ್ತೀನಿ. ಅವರ ಕರಾರು ಹ್ಯಾಂಗ ಇತ್ತು ಅನ್ನೋ ಮಾತು ಇಲ್ಲಿ ಬ್ಯಾಡ, ನಾ ಹೇಳೋದು ಇಷ್ಟೇ, ಒಂದು ಚಿತ್ರ ಒಂದೇ ಸಲ ಮಾರಾಟ ಆಗೋದು ಬ್ಯಾರೆ, ಅದೇ ಚಿತ್ರ ಸಾವಿರಾರು ಪ್ರಿಂಟ್ ಆಗೋದು ಬ್ಯಾರೆ. ಎರಡಕ್ಕೂ ಒಂದೇ ರೇಟು ತಗೊಂಡ್ರ ಹ್ಯಾಂಗ?

1957ರ ಕಾಪಿರೈಟ್ ಕಾಯ್ದೆ ಏನ್ ಹೇಳ್ತದ ಅಂದ್ರ ನೀವು ಬರದ ಚಿತ್ರಕ್ಕ ನೀವೇ ಮೊದಲ ಮಾಲೀಕರು, ನೋಂದಣಿ ಮಾಡಿಸದಿದ್ರೂ. ನೀವು ಇರೋ ತನಕ ಮತ್ತ ನೀವು ಹೋದ ಮ್ಯಾಲ 60 ವರ್ಷ ಹಕ್ಕು ಇರ್ತದ, ಮಕ್ಕಳು ಮೊಮ್ಮಕ್ಕಳಿಗಿ ಹೊಲ ಬಂದಂಗ ಬರ್ತದ. ಗಿರಾಕಿ ನಿಮ್ಮ ಪೇಂಟಿಂಗ್ ಕೊಂಡ್ಕೊಂಡ್ರ ಅವನಿಗಿ ಸಿಗೋದು ಆ ಕ್ಯಾನ್ವಾಸು, ಅದನ್ನ ಡೈರಿ ಮ್ಯಾಲ, ಸೀರಿ ಡಬ್ಬಿ ಮ್ಯಾಲ ಪ್ರಿಂಟ್ ಮಾಡೋ ಹಕ್ಕಲ್ಲ. ಆದ್ರ ಇಲ್ಲೊಂದು ಬಾಗಿಲು ಅದ, ನೋಡ್ಕೊಳ್ರಿ: ಯಾರಾದ್ರೂ ರೊಕ್ಕ ಕೊಟ್ಟು ಹೇಳಿ ಬರಸಿದ ಪೇಂಟಿಂಗು, ಪೋರ್ಟ್ರೇಟು, ತಗಸಿದ ಫೋಟೋ ಇದ್ರ, ಬ್ಯಾರೆ ಮಾತು ಬರದಿರದಿದ್ರ ಹಕ್ಕು ಬರಸಿದವರದ್ದೇ ಆಗ್ತದ. ಹಂಗಾಗಿ ಆರ್ಡರ್ ಕೆಲಸದ ಬಿಲ್ಲಿನಾಗ "ಕಾಪಿರೈಟ್ ಕಲಾವಿದರದ್ದು, ಪ್ರಿಂಟ್ ಮಾಡಬೇಕಂದ್ರ ಬ್ಯಾರೆ ಅನುಮತಿ" ಅಂತ ಒಂದು ಸಾಲು ಹಾಕಿ ಇಬ್ಬರೂ ಸಹಿ ಮಾಡ್ರಿ.

ಮತ್ತ ನಮ್ಮ ಕಡಿ ಯೂಟ್ಯೂಬ್ ಜಾನಪದ ಸಾಂಗ್ ಹಾವಳಿ ನಿಮಗ ಗೊತ್ತೇ ಅದ. ಹುಡುಗ ಹಾಡು ಕಟ್ತಾನ, ಸ್ಟುಡಿಯೋದಾಗ ಹಾಡ್ತಾನ, ಚಾನೆಲ್‌ನವ ಐದು ಸಾವಿರ ಕೊಟ್ಟು ಒಂದು ಹಾಳಿ ಮ್ಯಾಲ ಸಹಿ ತಗೋತಾನ, ಆಮ್ಯಾಲ ಆ ಹಾಡು ಜಾತ್ರಿ, ಟ್ರ್ಯಾಕ್ಟರು, ಮದ್ವಿ ಡಿಜೆ ಎಲ್ಲಾ ಕಡಿ ಬಾರಸ್ತದ, ಹುಡುಗ ಮಾತ್ರ ಅದೇ ಐದು ಸಾವಿರದಾಗ ಉಳೀತಾನ. ಓದದೆ ಸಹಿ ಮಾಡಬ್ಯಾಡ್ರಿ ಅಂತ ಎಲ್ಲರೂ ಹೇಳ್ತಾರ, ನಾ ಏನು ಓದಬೇಕು ಅಂತ ಹೇಳ್ತೀನಿ. ಎಷ್ಟು ವರ್ಷಕ್ಕ ಕೊಡ್ತೀರಿ, ಎಲ್ಲೆಲ್ಲಿಗಿ ಕೊಡ್ತೀರಿ, ಯಾವ ಯಾವ ಬಳಕಿಗಿ ಕೊಡ್ತೀರಿ. ಹಾಳಿ ಮ್ಯಾಲ ವರ್ಷ ಬರದಿಲ್ಲಾಂದ್ರ ಕಾಯ್ದೆ ಪ್ರಕಾರ ಐದೇ ವರ್ಷ ಅಂತ ಹಿಡೀತಾರ, ಜಾಗ ಬರದಿಲ್ಲಾಂದ್ರ ಭಾರತದೊಳಗ ಮಾತ್ರ. ಅಂದ್ರ ಹಳೇ ಕಾಗದ ಮನ್ಯಾಗ ಇದ್ರ ತೆಗದು ನೋಡ್ರಿ, ಕೆಲವರ ಹಾಡು ವಾಪಸ್ ಅವರದ್ದೇ ಆಗಿರಬಹುದು. 2012ರ ತಿದ್ದುಪಡಿ ಆದ ಮ್ಯಾಲ ಸಿನಿಮಾ ಹಾಡು, ರೆಕಾರ್ಡಿಂಗ್ ಹಾಡು ಬರದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲು ಬಿಟ್ಟುಕೊಡಲಿಕ್ಕೇ ಬರಂಗಿಲ್ಲ, ಐಪಿಆರ್‌ಎಸ್ ಅಂತ ಆ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥಾ ಅದ, ಅದರ ಸದಸ್ಯರಾಗಬೇಕು. ಅಜ್ಜ ಮುತ್ಯಾನ ಕಾಲದ ಹಂತಿ ಪದ, ರಿವಾಯತ್ ಹಾಡಿಗಿ ಒಬ್ಬ ಮಾಲೀಕ ಇಲ್ಲ, ಆದ್ರ ಅದನ್ನ ನೀವು ಹಾಡಿದ್ದರ ಮ್ಯಾಲ, ನಿಮ್ಮ ದನಿ ಮ್ಯಾಲ, ಪ್ರದರ್ಶಕನ ಹಕ್ಕು ಅಂತ 50 ವರ್ಷದ್ದು ಅದ.

ಒಬ್ಬನೇ ಗಿರಾಕಿ ನಂಬಿ ಕುಂತ್ರ ಏನಾಗ್ತದ ಅನ್ನೋದಕ್ಕ ಯಾದಗಿರಿ ಜಿಲ್ಲಾದ ಸುರಪುರ ನೋಡ್ರಿ. ಸುರಪುರದ ನಾಯಕ ಅರಸರ ಆಸರಿನಾಗ ಚಿತ್ರಗಾರರು ಬೆಳದ್ರು, ಬಂಗಾರದ ಬಣ್ಣ ಹಾಕಿ ಸಣ್ಣ ಸಣ್ಣ ಚಿತ್ರ, ಈಗಲೂ ಕಲಾ ಓದಿದವರು ಸುರಪುರ ಶೈಲಿ ಅಂತ ಹೆಸರು ತಗೋತಾರ. 1858ರಾಗ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತ ಮ್ಯಾಲ ಸಂಸ್ಥಾನ ಹೋಯ್ತು. ಅರಮನಿ ಹೋದ ಮ್ಯಾಲ ಚಿತ್ರಗಾರರಿಗಿ ಚಿತ್ರ ಹೇಳೋರು ಯಾರು? ನಮ್ಮ ಕಾಲದಾಗ ಅರಮನಿ ಜಾಗಕ್ಕ ಒಂದು ಇಲಾಖಾ, ಒಬ್ಬ ಕಾಂಟ್ರ್ಯಾಕ್ಟರ್, ಒಂದು ಇನ್‌ಸ್ಟಾಗ್ರಾಮ್ ಪೇಜ್ ಬಂದದ. ವರ್ಷದ ಆದಾಯದಾಗ ಅರ್ಧಕ್ಕಿಂತ ಹೆಚ್ಚು ಒಬ್ಬನ ಕಡಿಂದ ಬರ್ಲಿಕತ್ತಿದ್ರ ಖುಷಿ ಪಡಬ್ಯಾಡ್ರಿ, ಎರಡನೇ ಗಿರಾಕಿ ಹುಡುಕ್ರಿ. ಕ್ಲಾಸ್ ತಗೊಳ್ರಿ, ಪ್ರಿಂಟ್ ಮಾರ್ರಿ, ರಿಪೇರಿ ಕೆಲಸ ಹಿಡೀರಿ. ಟ್ಯೂಷನ್ ಹೇಳೋ ಕಲಾವಿದ ಅರ್ಧ ಕಲಾವಿದ ಅನ್ನೋ ಮಾತು ನನಗಂತೂ ಸೇರಂಗಿಲ್ಲ.

ನಮ್ಮ ಆದಾಯ ತಿಂಗಳ ತಿಂಗಳ ಬರೋದಲ್ಲ. ಹೋಳಿ ಮುಗದ ಮ್ಯಾಲ ಶರಣಬಸವೇಶ್ವರ ಜಾತ್ರಿ, ಮುಂದ ಒಂದಾದ ಮ್ಯಾಲ ಒಂದು ಜಾತ್ರಿ, ಮದ್ವಿ ಸೀಸನ್ನು, ಆಮ್ಯಾಲ ಮಳಿ ಬಿದ್ದ ಮ್ಯಾಲ ಫೋನೇ ಬರಂಗಿಲ್ಲ. ಇದು ತೊಗರಿ ಬೆಳಿಯೋ ರೈತನ ಥರದ್ದೇ ಬಾಳುವೆ, ವರ್ಷಕ್ಕ ಒಂದೇ ಸಲ ರೊಕ್ಕ ನೋಡ್ತಾನ, ಆದ್ರ ರಾಶಿ ಆದ ದಿನಾನೇ ಬೀಜದ ಚೀಲ ಬ್ಯಾರೆ ಎತ್ತಿ ಇಡ್ತಾನ, ಎಂಥಾ ಅಡಚಣಿ ಇದ್ರೂ ಅದನ್ನ ಮುಟ್ಟಂಗಿಲ್ಲ. ನೀವು ಎರಡು ಬ್ಯಾಂಕ್ ಖಾತಿ ಮಾಡ್ರಿ. ಬಂದ ರೊಕ್ಕ ಎಲ್ಲಾ ಧಂದಾದ ಖಾತಿಗಿ, ಅಲ್ಲಿಂದ ತಿಂಗಳ ಒಂದನೇ ತಾರೀಖು ಮನಿ ಖಾತಿಗಿ ಪಗಾರ. ವರ್ಷಕ್ಕ 2,40,000 ಬರ್ತದ, ಸಾಮಾನು, ಓಡಾಟಕ್ಕ 60,000 ಹೋಗ್ತದ ಅನ್ನೋಣ, 1,80,000 ಉಳೀತು. ತಿಂಗಳಿಗಿ 15,000 ಅಂತ ಹಿಗ್ಗಬ್ಯಾಡ್ರಿ, 12,000 ತಗೊಳ್ರಿ. ವರ್ಷದ ಕಡೀಗಿ 36,000 ಉಳದಿರ್ತದ, ಅಂದ್ರ ಮೂರು ತಿಂಗಳ ಪಗಾರ. ಕೊರೋನಾದಾಗ ಜಾತ್ರಿ ನಾಟಕ ಎಲ್ಲಾ ಬಂದ್ ಆದಾಗ ಹಾರ್ಮೋನಿಯಂ ಮಾರಿದವರನ್ನ ನಾವು ಕಣ್ಣಾರೆ ನೋಡೀವಿ. ಮೂರು ತಿಂಗಳ ಪಗಾರ ಖಾತಿಯಾಗ ಇದ್ದವ ಕಮ್ಮಿ ರೇಟಿನ ಕೆಲಸಕ್ಕ ಒಲ್ಲೆ ಅನಬಹುದು, ಇಲ್ಲದವ ಅನ್ನಲಿಕ್ಕೆ ಆಗಂಗಿಲ್ಲ. ರೇಟು ಮಾತಾಡೋ ಧೈರ್ಯ ಬರೋದೇ ಅಲ್ಲಿಂದ, ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿನಿಂದ ಅಲ್ಲ.

ಸಾಲದ್ದು ಬೇಗ ಹೇಳಿ ಮುಗಸ್ತೀನಿ. ಕೈಕಸುಬಿನವರಿಗಿ ಅಂತ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನಾ 2023ರ ಸೆಪ್ಟೆಂಬರ್‌ನಾಗ ಶುರು ಆಯ್ತು, 18 ಕಸುಬಿಗಿ, ಮೊದಲ 1 ಲಕ್ಷ, ಅದನ್ನ ತೀರಿಸಿದ ಮ್ಯಾಲ 2 ಲಕ್ಷ, ಬಡ್ಡಿ 5 ಪರ್ಸೆಂಟ್, ಸಾಮಾನಿಗಿ 15,000ದ ವೋಚರ್. ಕಲ್ಲು ಕೆತ್ತೋರು, ಬಡಿಗೇರು, ಕುಂಬಾರರು, ಗೊಂಬಿ ಮಾಡೋರು, ಬುಟ್ಟಿ ಹೆಣಿಯೋರು ಅದರಾಗ ಬರ್ತಾರ. ಚಿತ್ರ ಬರಿಯೋರು, ಹಾಡೋರು ಬರಂಗಿಲ್ಲ, ಬಿದ್ರಿ ಅಂತ ಹೆಸರು ಹಿಡದೂ ಇಲ್ಲ. ಅವರಿಗಿ ಕೇಂದ್ರದ ಮುದ್ರಾ ಸಾಲ ಅದ, ಶಿಶು ಅಂತ 50,000ದ ತನಕ ಜಾಮೀನು ಇಲ್ಲದೆ. ನನ್ನ ಅಭಿಪ್ರಾಯ ಕೇಳಿದ್ರ ದುಡಿಯೋ ಸಾಮಾನಿಗಿ ಸಾಲ ಮಾಡ್ರಿ, ಮೈಕ್ ಸೆಟ್, ಕುಲುಮಿ, ಪ್ರಿಂಟರ್ ಇಂಥಾದ್ದಕ್ಕ. ಎಕ್ಸಿಬಿಷನ್ ಉದ್ಘಾಟನಾ ಊಟಕ್ಕ ಮಾಡಬ್ಯಾಡ್ರಿ, ನಗಬ್ಯಾಡ್ರಿ, ಮಾಡಿದವರು ಇದ್ದಾರ.

ವಯಸ್ಸಾದ ಮ್ಯಾಲ ಸರ್ಕಾರದ ಮಾಸಾಶನ ಅದಲ್ಲ ಅಂತಾರ. ಅದ, ಅರ್ಜಿ ಹಾಕ್ರಿ, ಆದ್ರ ಅದನ್ನೇ ನಂಬಿ ಕುಂದ್ರಬ್ಯಾಡ್ರಿ. 40 ವರ್ಷದ ಒಳಗಿನವರು ಇವತ್ತೇ ಅಟಲ್ ಪಿಂಚಣಿ ಮಾಡಸ್ರಿ, 60 ಆದ ಮ್ಯಾಲ ತಿಂಗಳಿಗಿ ಸಾವಿರದಿಂದ ಐದು ಸಾವಿರ, ಇನ್ಕಮ್ ಟ್ಯಾಕ್ಸ್ ಕಟ್ಟೋರಿಗಿ ಮಾತ್ರ ಈಗ ಇಲ್ಲ. ವರ್ಷಕ್ಕ 20 ರೂಪಾಯಿಗಿ 2 ಲಕ್ಷದ ಅಪಘಾತ ವಿಮಾ ಬ್ಯಾಂಕಿನಾಗೇ ಸಿಗ್ತದ, 436 ರೂಪಾಯಿಗಿ 2 ಲಕ್ಷದ ಜೀವ ವಿಮಾ. ರಾತ್ರಿ ಕಾರ್ಯಕ್ರಮ ಮುಗಸಿ ಟೆಂಪೋದಾಗ ಹತ್ತು ಹನ್ನೆರಡು ಮಂದಿ ಕೂತು ಬರ್ತೀರಲ್ಲ, ತಂಡದ ನಾಯಕರು ಯಾರದ್ದು ಮಾಡಿಸಿಲ್ಲ ಅಂತ ನೋಡಿ ಮಾಡಸ್ರಿ. ಈ ಖರ್ಚೂ ಕಾರ್ಯಕ್ರಮದ ರೇಟಿನಾಗೇ ಬರಬೇಕು.

ಕಡೀಗಿ ಜನ ಕೇಳಿದ್ದು. ಒಬ್ಬ ಭಜನಿ ಮೇಳದ ಅಣ್ಣಾರು ಎದ್ದು, "ಎಲ್ಲಾ ಖರೇ ಅದರಿ, ಆದ್ರ ಸ್ವಂತ ಕಾಕಾನ ಮಗಳ ಮದ್ವಿ, ಹಾಡ್ಲಿಕ್ಕೆ ಬಾ ಅಂತಾರ, ಅಲ್ಲಿ ಏನ್ ರೇಟು ಹೇಳ್ಬೇಕ್ರಿ?" ಅಂದ್ರು. ಎಲ್ಲರೂ ನಕ್ಕರು, ಯಾಕಂದ್ರ ಎಲ್ಲರ ಮನಿ ಕಥಿ ಅದೇ. ನಾ ಹೇಳ್ದೆ, ಹೋಗ್ರಿ, ಹಾಡ್ರಿ, ಮನಸಾರೆ ಹಾಡ್ರಿ, ಆದ್ರ ಒಂದು ಬಿಲ್ ಬರೀರಿ, ಕಾರ್ಯಕ್ರಮ 15,000, ಅದರ ಕೆಳಗ ಮುಯ್ಯಿ 15,000, ಬಾಕಿ ಸೊನ್ನಿ, ಅಂತ. ಕಾಕಾಗ ಅದನ್ನ ಕೊಡ್ರಿ. ತಬಲಾದವನಿಗಿ, ಹಾರ್ಮೋನಿಯಂದವನಿಗಿ ಮಾತ್ರ ರೊಕ್ಕ ಕೊಡಸ್ರಿ, ಅವ್ರು ಕಾಕಾನ ಬೀಗರಲ್ಲ.

ಚಿಂಚೋಳಿ ಕಡಿಂದ ಬಂದ ಒಬ್ಬ ಅಕ್ಕಾರು ಕೌದಿ ಹೊಲೀತಾರ. "ನಂದು ಧಂದಾ ಅಲ್ರಿ, ಮನಿ ಕೆಲಸ ಮುಗದ ಮ್ಯಾಲ ಹೊಲಿಯೋದು, ಹಳೇ ಸೀರಿ, ಖರ್ಚೇನೂ ಇಲ್ಲ, ಎಷ್ಟಂತ ತಗೊಳ್ಳಿ?" ಅಂತ ಕೇಳಿದ್ರು. ನಾ ಕೇಳ್ದೆ, ಒಂದು ಕೌದಿಗಿ ಎಷ್ಟು ದಿನ ಅಕ್ಕಾ? ಮಧ್ಯಾಹ್ನ ಎರಡು ತಾಸು, ರಾತ್ರಿ ಒಂದು ತಾಸು, ಇಪ್ಪತ್ತು ದಿನ ಅಂದ್ರು. 60 ತಾಸು ಆಯ್ತು. ಹೊಲದ ಕೂಲಿಗಿ ಹೋದ್ರ ನಿಮ್ಮೂರಾಗ ದಿನಕ್ಕ ಎಷ್ಟು? 300 ಅಂದ್ರು. ಎಂಟು ತಾಸಿಗಿ 300 ಅಂದ್ರ 60 ತಾಸಿಗಿ 2,250. ದಾರ, ಸೂಜಿ, ಅಂಚಿನ ಬಟ್ಟಿ ಸೇರಿ 250 ಹಿಡೀರಿ. 2,500ಕ್ಕ ಕಮ್ಮಿ ಮಾರಿದ್ರ ಹೊಲಕ್ಕ ಹೋಗೋದೇ ಛಲೋ, ಅದೂ ಕೌದಿಗಿ ಬೇಕಾದ ಕೈಚಳಕದ ಬೆಲಿ ಹಿಡೀದೇ. ಈಗ ಎಷ್ಟಕ್ಕ ಕೊಡ್ತೀರಿ ಅಂತ ಕೇಳ್ದೆ. ಏಳನೂರಕ್ಕ ಅಂತ. ಬಾಜೂಕ ಕುಂತಿದ್ದ ಅವರ ಮಗಳು ಫೋನಿನಾಗ ಉದ್ಯಮ್ ಸೈಟ್ ತೆಗದು, "ಇದಕ್ಕ ಓಟಿಪಿ ಯಾರ ನಂಬರಿಗಿ ಬರ್ತದ್ರಿ?" ಅಂದ್ಳು. ಆಧಾರಿಗಿ ಯಾವ ನಂಬರ್ ಜೋಡಿಸಿದ್ದದೋ ಅದಕ್ಕೇ ಬರ್ತದ. ಅಕ್ಕಾರದ್ದು ಹಳೇ ಸಿಮ್ ಬಂದ್ ಆಗೇದಂತ, ಮೊದಲ ಆಧಾರ್ ಸೆಂಟರ್‌ಗಿ ಹೋಗಿ ನಂಬರ್ ಬದಲ ಮಾಡಸ್ರಿ ಅಂತ ಹೇಳಿ ಕಳಸೀನಿ.